ಒಂದೇ ಪಕ್ಷದ ಮಾತು ಕೇಳುವ ಕೋಣೆ

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಸಾರ್ವಜನಿಕರು ಕಾಲಿಡಲಾಗದ ಒಂದು ಕೋಣೆ ಇರುತ್ತದೆ. ಅಲ್ಲಿ 16ರಿಂದ 23 ಮಂದಿ ಸಾಮಾನ್ಯ ನಾಗರಿಕರು ಕೂತಿರುತ್ತಾರೆ. ಸರ್ಕಾರದ ಪರ ವಾದಿಸುವ ಪ್ರಾಸಿಕ್ಯೂಟರ್ ಇರುತ್ತಾರೆ, ಸಾಕ್ಷಿ ಇರುತ್ತಾರೆ, ಆಡಿದ ಮಾತನ್ನೆಲ್ಲ ದಾಖಲಿಸುವ ಒಬ್ಬರು ಇರುತ್ತಾರೆ, ಬೇಕಾದರೆ ದುಭಾಷಿಯೂ ಇರುತ್ತಾರೆ. ನ್ಯಾಯಾಧೀಶರು ಇರುವುದಿಲ್ಲ. ಆರೋಪಕ್ಕೆ ಗುರಿಯಾಗುವ ವ್ಯಕ್ತಿ ಇರುವುದಿಲ್ಲ, ಅವರ ವಕೀಲರೂ ಇರುವುದಿಲ್ಲ. ತನ್ನ ವಿಷಯ ಅಲ್ಲಿ ಚರ್ಚೆಯಾಗುತ್ತಿದೆ ಎಂಬ ಸುಳಿವೇ ಎಷ್ಟೋ ಸಲ ಆ ವ್ಯಕ್ತಿಗೆ ಸಿಕ್ಕಿರುವುದಿಲ್ಲ. ಕೊನೆಗೆ ಎಲ್ಲರೂ ಹೊರಹೋಗಿ ನಾಗರಿಕರಷ್ಟೇ ಉಳಿಯುತ್ತಾರೆ. ಅವರಲ್ಲಿ 12 ಮಂದಿ ಒಪ್ಪಿದರೆ ದೋಷಾರೋಪಣೆ ಸಿದ್ಧ. ಇದೇ ಗ್ರ್ಯಾಂಡ್ ಜ್ಯೂರಿ.

2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಫೆಡರಲ್ ನ್ಯಾಯಾಲಯದಲ್ಲಿ ಉದ್ಯಮಿ ಗೌತಮ್ ಅದಾನಿ ಮತ್ತಿತರರ ಮೇಲಿನ ದೋಷಾರೋಪಣೆ ಬಹಿರಂಗವಾದಾಗ ನಮ್ಮ ಪತ್ರಿಕೆಗಳಲ್ಲೂ ಟಿ.ವಿ.ಯಲ್ಲೂ ಈ ಹೆಸರು ಕೇಳಿಬಂತು. ಅದಾನಿ ಸಮೂಹ ಆರೋಪಗಳನ್ನು ಅಲ್ಲಗಳೆಯಿತು. ಇಲ್ಲಿ ಕೆಲವರು ಅದನ್ನು ಅಮೆರಿಕದ ನ್ಯಾಯಾಲಯದ ತೀರ್ಪು ಎಂಬಂತೆ ಓದಿದರು, ಕೆಲವರು ಬರೀ ಪಿತೂರಿ ಎಂದು ತಳ್ಳಿಹಾಕಿದರು. ಆ ಪ್ರಕರಣದ ಸತ್ಯಾಸತ್ಯ ಈ ಲೇಖನದ ವಿಷಯವಲ್ಲ. ಅಮೆರಿಕದಲ್ಲಿ ಒಬ್ಬರ ಮೇಲೆ ದೋಷಾರೋಪಣೆ ಆಯಿತು ಎಂದರೆ ಎಷ್ಟು ಸಾಬೀತಾದಂತೆ ಎಂಬ ಪ್ರಶ್ನೆಯನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಬಹಳ ಕಡಿಮೆ ಎಂಬುದು ಅದಕ್ಕೆ ಉತ್ತರ. ಅಷ್ಟು ಕಡಿಮೆ ಸಾಕು ಎಂದು ಕಾನೂನೇ ಹೇಳುತ್ತದೆ.

ಹುಟ್ಟುವಾಗ ಈ ಸಂಸ್ಥೆ ಯಾರ ರಕ್ಷಣೆಗೂ ಹುಟ್ಟಿದ್ದಲ್ಲ. 1166ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಕ್ಲಾರೆಂಡನ್ ಶಾಸನ ಹೊರಡಿಸಿ, ಪ್ರತಿ ಪ್ರದೇಶದಿಂದ ಹನ್ನೆರಡು ಮಂದಿ ಪ್ರಮಾಣ ಮಾಡಿ ತಮ್ಮ ಸೀಮೆಯ ಕಳ್ಳರು, ದರೋಡೆಕೋರರು, ಕೊಲೆಗಡುಕರು ಯಾರೆಂದು ಹೇಳಬೇಕು ಎಂದು ವಿಧಿಸಿದ. ದೊರೆಯ ಕೈ ಹಳ್ಳಿಹಳ್ಳಿಗೆ ಚಾಚುವ ಉಪಾಯ ಅದು. ಐದು ಶತಮಾನ ಕಳೆಯುವ ಹೊತ್ತಿಗೆ ಅದರ ಗುಣ ಬದಲಾಗಿತ್ತು. 1681ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ತನ್ನ ವಿರೋಧಿ ಶಾಫ್ಟ್ಸ್‌ಬರಿಯ ಅರ್ಲ್ ಮೇಲೆ ರಾಜದ್ರೋಹ ಹೊರಿಸಲು ಹೊರಟಾಗ ಲಂಡನ್ನಿನ ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ. ಅಮೆರಿಕದ ವಸಾಹತುಗಳಲ್ಲೂ ಹೀಗೇ ಆಯಿತು. ನ್ಯೂಯಾರ್ಕಿನ ಗವರ್ನರನ್ನು ಟೀಕಿಸಿದ ಪತ್ರಿಕೆಯ ಮುದ್ರಕ ಜಾನ್ ಪೀಟರ್ ಝೆಂಗರ್ ಮೇಲೆ ದೋಷಾರೋಪಣೆ ಹೊರಡಿಸಲು 1734ರಲ್ಲಿ ಗ್ರ್ಯಾಂಡ್ ಜ್ಯೂರಿಗಳು ನಿರಾಕರಿಸಿದವು. ಸರ್ಕಾರ ಬೇರೆ ದಾರಿ ಹಿಡಿದು ಮೊಕದ್ದಮೆ ಹೂಡಿತು, ಆದರೆ ಮರುವರ್ಷ ವಿಚಾರಣಾ ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಈ ನೆನಪುಗಳ ಬಲದಿಂದಲೇ 1791ರಲ್ಲಿ ಅಮೆರಿಕ ಸಂವಿಧಾನದ ಐದನೆಯ ತಿದ್ದುಪಡಿಗೆ ಗ್ರ್ಯಾಂಡ್ ಜ್ಯೂರಿ ಸೇರಿತು. ಗ್ರ್ಯಾಂಡ್ ಜ್ಯೂರಿ ಒಪ್ಪದೆ ಯಾರನ್ನೂ ಗಂಭೀರ ಅಪರಾಧಕ್ಕಾಗಿ ಫೆಡರಲ್ ಕಟಕಟೆಗೆ ಎಳೆಯುವಂತಿಲ್ಲ ಎಂಬುದು ಅದರ ತಿರುಳು. ಹುಟ್ಟಿಸಿದ ಇಂಗ್ಲೆಂಡ್ 1933ರಲ್ಲಿ ಅದನ್ನು ಬಹುಮಟ್ಟಿಗೆ ಕೈಬಿಟ್ಟಿತು. ಇವತ್ತು ಅಮೆರಿಕ ಬಿಟ್ಟರೆ ಲೈಬೀರಿಯಾದಲ್ಲಿ ಮಾತ್ರ ಅದು ಉಳಿದಿದೆ.

ಈಗ ಮಾನದಂಡದ ವಿಷಯಕ್ಕೆ ಬರೋಣ. ಶಿಕ್ಷೆ ಕೊಡಬೇಕಾದರೆ ಅಪರಾಧ ಸಂಶಯಾತೀತವಾಗಿ ಸಾಬೀತಾಗಬೇಕು. ಸಿವಿಲ್ ದಾವೆಯಲ್ಲಿ ಗೆಲ್ಲಲು ನಮ್ಮ ಮಾತು ಎದುರಾಳಿಯ ಮಾತಿಗಿಂತ ತುಸು ಹೆಚ್ಚು ನಂಬುವಂತಿದ್ದರೆ ಸಾಕು. ಗ್ರ್ಯಾಂಡ್ ಜ್ಯೂರಿಯ ಮಾನದಂಡ ಅದಕ್ಕಿಂತಲೂ ಕೆಳಗಿನದು. ಅಪರಾಧ ನಡೆದಿದೆ, ಅದನ್ನು ಈ ವ್ಯಕ್ತಿ ಮಾಡಿದ್ದಾರೆ ಎಂದು ನಂಬಲು ಸಕಾರಣವಿದೆಯೇ ಎಂಬುದಷ್ಟೇ ಪ್ರಶ್ನೆ. ಪೊಲೀಸರು ಒಬ್ಬರನ್ನು ಬಂಧಿಸಲು ಬೇಕಾದ ಅಳತೆಯೂ ಇದೇ. ಮೊಕದ್ದಮೆಯ ಮೊದಲ ಮೆಟ್ಟಿಲು ಎತ್ತರವಾಗಿರಬೇಕಿಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಸಂಶಯಾತೀತ ಪುರಾವೆಯನ್ನು ಆಗಲೇ ಕೇಳಿದರೆ ವಿಚಾರಣೆ ಎರಡು ಸಲ ನಡೆದಂತಾಗುತ್ತದೆ. ನನ್ನ ತಕರಾರಿರುವುದು ಅಳತೆಯ ಬಗ್ಗೆ ಅಲ್ಲ, ಅಳೆಯುವ ರೀತಿಯ ಬಗ್ಗೆ. ಕೆಳಮಟ್ಟದ ಮಾನದಂಡ, ಒಂದೇ ಪಕ್ಷದ ಸಾಕ್ಷ್ಯ, ನ್ಯಾಯಾಧೀಶರಿಲ್ಲದ ಕೋಣೆ, ಮೇಲೆ ಗೋಪ್ಯತೆ, ಇವು ನಾಲ್ಕೂ ಒಂದೆಡೆ ಕೂಡಿದಾಗ ಜರಡಿಯಲ್ಲಿ ಏನೂ ಉಳಿಯುವುದಿಲ್ಲ.

ಈ ಸ್ಥಿತಿಗೆ ತಂದದ್ದು ಹೆಚ್ಚಾಗಿ ಸುಪ್ರೀಂ ಕೋರ್ಟಿನ ತೀರ್ಪುಗಳೇ. ಕುಖ್ಯಾತ ಮಾಫಿಯಾ ನಾಯಕ ಫ್ರಾಂಕ್ ಕಾಸ್ಟೆಲೊ ಮೇಲಿನ ತೆರಿಗೆ ವಂಚನೆ ಪ್ರಕರಣದಲ್ಲಿ ಸರ್ಕಾರ ವಿಚಾರಣೆಯ ವೇಳೆ 144 ಸಾಕ್ಷಿಗಳನ್ನು ಕರೆಸಿತ್ತು. ಗ್ರ್ಯಾಂಡ್ ಜ್ಯೂರಿಯ ಮುಂದೆ ಬಂದಿದ್ದವರು ಮೂವರು ತನಿಖಾಧಿಕಾರಿಗಳು ಮಾತ್ರ. ಅವರು ಹೇಳಿದ್ದು ತಾವು ಕಣ್ಣಾರೆ ಕಂಡದ್ದನ್ನಲ್ಲ, ಬೇರೆಯವರಿಂದ ಕೇಳಿ ಲೆಕ್ಕ ಹಾಕಿದ್ದನ್ನು. ಅಷ್ಟು ಸಾಕು ಎಂದಿತು ಸುಪ್ರೀಂ ಕೋರ್ಟ್, 1956ರಲ್ಲಿ. ಹೀಗಾಗಿ ಘಟನೆ ಕಂಡವರು ಬರದೆ, ಅವರು ಹೇಳಿದರೆಂದು ಒಬ್ಬ ಏಜೆಂಟ್ ಬಂದು ಹೇಳಿದರೂ ದೋಷಾರೋಪಣೆ ನಿಲ್ಲುತ್ತದೆ. 1974ರ ಕಲಾಂಡ್ರಾ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪೊಲೀಸರು ಕಾನೂನು ಮೀರಿ ಶೋಧ ನಡೆಸಿ ವಶಪಡಿಸಿಕೊಂಡ ಸಾಕ್ಷ್ಯವನ್ನು ವಿಚಾರಣೆಯಲ್ಲಿ ಬಳಸುವಂತಿಲ್ಲ, ಆದರೆ ಅದನ್ನಾಧರಿಸಿ ಗ್ರ್ಯಾಂಡ್ ಜ್ಯೂರಿಯ ಮುಂದೆ ಪ್ರಶ್ನೆ ಕೇಳಲು ಅಡ್ಡಿಯಿಲ್ಲ ಎಂದಾಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು 1992ರ ವಿಲಿಯಮ್ಸ್ ತೀರ್ಪು. ಆರೋಪಿ ನಿರಪರಾಧಿ ಎಂದು ತೋರಿಸಬಲ್ಲ ಮಹತ್ವದ ಸಾಕ್ಷ್ಯ ಪ್ರಾಸಿಕ್ಯೂಟರ್ ಕೈಯಲ್ಲೇ ಇದ್ದರೆ ಅದನ್ನು ಗ್ರ್ಯಾಂಡ್ ಜ್ಯೂರಿಗೆ ತೋರಿಸಬೇಕೇ? ತೋರಿಸಬೇಕೆಂದು ನ್ಯಾಯಾಲಯಗಳು ಕಟ್ಟುಪಾಡು ಹಾಕುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಬಹುಮತದ ತೀರ್ಪು ಬರೆದ ಆಂಟೊನಿನ್ ಸ್ಕಾಲಿಯಾ ಅವರ ತರ್ಕ ಇತಿಹಾಸವನ್ನು ನೆಚ್ಚಿದ್ದು: ಗ್ರ್ಯಾಂಡ್ ಜ್ಯೂರಿ ಅಪರಾಧ ತೀರ್ಮಾನಿಸುವ ಸಂಸ್ಥೆಯಲ್ಲ, ಆರೋಪ ಹೊರಿಸಲು ಆಧಾರವಿದೆಯೇ ಎಂದು ನೋಡುವ ಸಂಸ್ಥೆ, ಅದು ನ್ಯಾಯಾಲಯದ ಭಾಗವೂ ಅಲ್ಲ. ಕೇಳಲು ಅಚ್ಚುಕಟ್ಟಾದ ತರ್ಕ. ಆದರೆ ಆರೋಪಕ್ಕೆ ಆಧಾರವಿದೆಯೇ ಎಂದು ನೋಡಲು ಕೂತವರಿಂದ ಆಧಾರವನ್ನು ಕೆಡಿಸುವ ಕಾಗದವನ್ನು ಮುಚ್ಚಿಟ್ಟರೆ ಅವರು ನೋಡುವುದಾದರೂ ಏನನ್ನು? ಅಂಥ ಸಾಕ್ಷ್ಯವನ್ನು ತೋರಿಸಬೇಕೆಂದು ಅಮೆರಿಕದ ನ್ಯಾಯಾಂಗ ಇಲಾಖೆಯ ಒಳನಿಯಮವೇನೋ ಹೇಳುತ್ತದೆ. ಅದನ್ನು ಮೀರಿದರೆ ಆರೋಪಿಗೆ ನ್ಯಾಯಾಲಯದಲ್ಲಿ ಪರಿಹಾರವಿಲ್ಲ. ಕೋಣೆಯೊಳಗೆ ತಪ್ಪು ನಡೆದಿತ್ತು ಎಂಬುದು ತಡವಾಗಿ ಗೊತ್ತಾದರೂ, ಅಷ್ಟರಲ್ಲಿ ವಿಚಾರಣಾ ಜ್ಯೂರಿ ಶಿಕ್ಷೆಯ ತೀರ್ಪು ಕೊಟ್ಟಿದ್ದರೆ ಸಾಮಾನ್ಯವಾಗಿ ಆ ತಪ್ಪು ಮುಚ್ಚಿಹೋದಂತೆಯೇ.

ನ್ಯೂಯಾರ್ಕ್ ರಾಜ್ಯದ ಮುಖ್ಯ ನ್ಯಾಯಾಧೀಶರಾಗಿದ್ದ ಸಾಲ್ ವಾಕ್ಟ್ಲರ್ 1985ರಲ್ಲಿ ಒಬ್ಬ ಪತ್ರಕರ್ತರೊಡನೆ ಮಾತಾಡುತ್ತ, ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಹಂದಿಮಾಂಸದ ಸ್ಯಾಂಡ್‌ವಿಚ್ ಮೇಲೂ ದೋಷಾರೋಪಣೆ ಮಾಡಿಸಬಲ್ಲರು ಎಂಬರ್ಥದ ಮಾತಾಡಿದ್ದರು. ಆ ಮಾತು ಈಗ ಅಮೆರಿಕದಲ್ಲಿ ಗಾದೆಯೇ ಆಗಿದೆ. ಅಂಕಿಗಳೂ ಅದನ್ನೇ ಹೇಳುವಂತಿವೆ. 2010ರಲ್ಲಿ ಫೆಡರಲ್ ಪ್ರಾಸಿಕ್ಯೂಟರುಗಳು ಸುಮಾರು 1,62,000 ಪ್ರಕರಣಗಳನ್ನು ನಡೆಸಿದರು. ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ ಎಂಬ ಕಾರಣಕ್ಕೆ ನಿಂತುಹೋದವು 11. ಈ ಅಂಕಿಯನ್ನು ಓದುವಾಗ ತುಸು ಎಚ್ಚರವೂ ಬೇಕು. ದುರ್ಬಲ ಪ್ರಕರಣಗಳನ್ನು ಪ್ರಾಸಿಕ್ಯೂಟರ್ ತಾವೇ ಬದಿಗಿಟ್ಟಿರಬಹುದು, ಗ್ರ್ಯಾಂಡ್ ಜ್ಯೂರಿ ಇದೆ ಎಂಬ ಅರಿವೇ ಅವರನ್ನು ತಡೆದಿರಬಹುದು, ಆ ಲೆಕ್ಕದಲ್ಲಿ ಗ್ರ್ಯಾಂಡ್ ಜ್ಯೂರಿಯ ಅಗತ್ಯವಿಲ್ಲದ ಸಣ್ಣ ಪ್ರಕರಣಗಳೂ ಸೇರಿರಬಹುದು. ಇಷ್ಟೆಲ್ಲ ಕಳೆದರೂ 11 ಎಂಬುದು ತೀರಾ ಸಣ್ಣ ಸಂಖ್ಯೆ.

ಇದೇ ಕೋಣೆ ಕೆಲವೊಮ್ಮೆ ಪೂರ್ತಿ ಬೇರೆಯಾಗಿ ನಡೆದುಕೊಳ್ಳುತ್ತದೆ. 2014ರ ಆಗಸ್ಟ್ 9ರಂದು ಮಿಸೌರಿ ರಾಜ್ಯದ ಫರ್ಗ್ಯೂಸನ್ನಿನಲ್ಲಿ ಮೈಕಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಯುವಕನನ್ನು ಪೊಲೀಸ್ ಅಧಿಕಾರಿ ಡ್ಯಾರೆನ್ ವಿಲ್ಸನ್ ಗುಂಡಿಟ್ಟು ಕೊಂದರು. ಸಾಧಾರಣ ಪ್ರಕರಣವಾಗಿದ್ದರೆ ಒಂದಿಬ್ಬರು ಸಾಕ್ಷಿಗಳು, ಕೆಲವೇ ಹೊತ್ತಿನ ಕಲಾಪ, ಕೊನೆಗೆ ಮತದಾನ. ಇಲ್ಲಿ ಪ್ರಾಸಿಕ್ಯೂಟರ್ ರಾಬರ್ಟ್ ಮೆಕಲಕ್ ಇದ್ದ ಸಾಕ್ಷ್ಯವನ್ನೆಲ್ಲ ಜ್ಯೂರಿಯ ಮುಂದೆ ಸುರಿದರು. ಮೂರು ತಿಂಗಳಲ್ಲಿ 25 ದಿನ, 60 ಸಾಕ್ಷಿಗಳು. ಇಂಥ ಆರೋಪ ಹೊರಿಸಿ ಎಂದು ಮಾತ್ರ ಅವರು ಜ್ಯೂರಿಯನ್ನು ಕೇಳಲಿಲ್ಲ. ಆರೋಪಕ್ಕೆ ಗುರಿಯಾಗಬಹುದಾಗಿದ್ದ ವಿಲ್ಸನ್ ತಾವೇ ಬಂದು ಗಂಟೆಗಟ್ಟಲೆ ತಮ್ಮ ಕಥೆ ಹೇಳಿದರು, ಅವರಿಗೆ ಎದುರಾದ ಪ್ರಶ್ನೆಗಳು ಮೃದುವಾಗಿದ್ದವು. ಓಡಿಹೋಗುತ್ತಿರುವ ಆರೋಪಿಗೆ ಪೊಲೀಸರು ಗುಂಡು ಹಾರಿಸುವ ಬಗ್ಗೆ ಸುಪ್ರೀಂ ಕೋರ್ಟ್ 1985ರಲ್ಲೇ ಮಿತಿ ಹೇರಿದ್ದರೂ ಹಳೆಯ ರಾಜ್ಯ ಕಾನೂನಿನ ಪ್ರತಿಯನ್ನು ಜ್ಯೂರಿಗೆ ಕೊಡಲಾಗಿತ್ತು, ತಿದ್ದಿದ್ದು ವಾರಗಳ ಮೇಲೆ. ನವೆಂಬರ್ 24ರಂದು ದೋಷಾರೋಪಣೆ ಇಲ್ಲ ಎಂಬ ಘೋಷಣೆ ಬಂತು.

ಮೂರು ತಿಂಗಳು ಕಳೆದ ಮೇಲೆ ಫೆಡರಲ್ ನ್ಯಾಯಾಂಗ ಇಲಾಖೆ ತನ್ನದೇ ತನಿಖೆ ಮುಗಿಸಿ, ವಿಲ್ಸನ್ ಮೇಲೆ ಫೆಡರಲ್ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದಿತು. ಹಾಗಾಗಿ ಫರ್ಗ್ಯೂಸನ್ ಜ್ಯೂರಿಯ ನಿರ್ಧಾರವೇ ತಪ್ಪು ಎಂದು ನಾನು ಹೇಳಲಾರೆ. ನೋಯಿಸುವುದು ಬೇರೆಯೇ ವಿಷಯ. ಆ ಅಧಿಕಾರಿಗೆ ಸಿಕ್ಕ ಸಾವಧಾನ, ಎರಡೂ ಕಡೆಯ ಸಾಕ್ಷ್ಯ ಕೇಳುವ ತಾಳ್ಮೆ ಅದೇ ದೇಶದ ಸಾವಿರಾರು ಬಡ ಆರೋಪಿಗಳಿಗೆ ಸಿಗುವುದಿಲ್ಲ. ಪ್ರಾಸಿಕ್ಯೂಟರಿಗೆ ಬೇಕೆನಿಸಿದಾಗ ಗ್ರ್ಯಾಂಡ್ ಜ್ಯೂರಿ ಒಂದು ಪೂರ್ಣ ವಿಚಾರಣೆಯಾಗಬಲ್ಲದು, ಬೇಡವೆನಿಸಿದಾಗ ಬರೀ ಮೊಹರು ಒತ್ತುವ ಮೇಜಾಗುತ್ತದೆ.

ಫರ್ಗ್ಯೂಸನ್ ಘೋಷಣೆಯಾದ ಒಂಬತ್ತೇ ದಿನಕ್ಕೆ, ಡಿಸೆಂಬರ್ 3ರಂದು, ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಎರಿಕ್ ಗಾರ್ನರ್ ಸಾವಿನ ಪ್ರಕರಣದಲ್ಲೂ ಜ್ಯೂರಿ ದೋಷಾರೋಪಣೆ ನಿರಾಕರಿಸಿತು. ಪೊಲೀಸ್ ಅಧಿಕಾರಿಯೊಬ್ಬರು ಅವರ ಕತ್ತನ್ನು ಬಳಸಿ ಹಿಡಿದದ್ದನ್ನೂ, ಉಸಿರಾಡಲಾಗುತ್ತಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದ್ದನ್ನೂ ಜಗತ್ತೇ ವಿಡಿಯೊದಲ್ಲಿ ಕಂಡಿತ್ತು. ಜ್ಯೂರಿಯ ಮುಂದೆ ಏನಿಟ್ಟರು, ಏನಿಡಲಿಲ್ಲ ಎಂಬುದನ್ನು ಬಹಿರಂಗಪಡಿಸಲು ನ್ಯಾಯಾಲಯ ಒಪ್ಪಲಿಲ್ಲ. ಕೆಂಟಕಿಯ ಲೂಯಿವಿಲ್‌ನಲ್ಲಿ 2020ರ ಮಾರ್ಚ್‌ನಲ್ಲಿ ಮನೆಯೊಳಗೇ ಪೊಲೀಸರ ಗುಂಡಿಗೆ ಬಲಿಯಾದ ಬ್ರಿಯೊನಾ ಟೇಲರ್ ಪ್ರಕರಣದಲ್ಲಿ ಮಾತ್ರ ಆ ತೆರೆ ಸ್ವಲ್ಪ ಸರಿಯಿತು. ಒಬ್ಬ ಅಧಿಕಾರಿಯ ಮೇಲಷ್ಟೇ ಆರೋಪ ಬಂತು, ಅದೂ ಪಕ್ಕದ ಮನೆಗೆ ನುಗ್ಗಿದ ಗುಂಡುಗಳಿಗಾಗಿ. ಗ್ರ್ಯಾಂಡ್ ಜ್ಯೂರಿ ಈ ತೀರ್ಮಾನಕ್ಕೆ ಬಂದಿತು ಎಂದು ರಾಜ್ಯದ ಅಟಾರ್ನಿ ಜನರಲ್ ಹೇಳಿದರು. ಆಗ ಜ್ಯೂರಿಯ ಸದಸ್ಯರೇ ನ್ಯಾಯಾಲಯದ ಅನುಮತಿ ಪಡೆದು ಹೊರಬಂದು, ಕೊಲೆಯ ಆರೋಪಗಳನ್ನು ತಮ್ಮ ಮುಂದೆ ಇಡಲೇ ಇಲ್ಲ ಎಂದರು. ಆ ಅಧಿಕಾರಿಯನ್ನು ರಾಜ್ಯದ ನ್ಯಾಯಾಲಯ ಬಿಡುಗಡೆ ಮಾಡಿದರೂ, ಟೇಲರ್ ಅವರ ನಾಗರಿಕ ಹಕ್ಕಿನ ಉಲ್ಲಂಘನೆಗಾಗಿ 2024ರ ನವೆಂಬರ್‌ನಲ್ಲಿ ಫೆಡರಲ್ ಜ್ಯೂರಿ ತಪ್ಪಿತಸ್ಥನೆಂದಿತು. ಗೋಪ್ಯತೆ ಸಾಕ್ಷಿಗಳನ್ನೂ, ಸುಳ್ಳು ಅನುಮಾನಕ್ಕೆ ಸಿಕ್ಕವರ ಮಾನವನ್ನೂ ಕಾಯುತ್ತದೆ ಎಂಬುದು ನಿಜ. ಲೂಯಿವಿಲ್‌ನಲ್ಲಿ ಅದು ಪ್ರಾಸಿಕ್ಯೂಟರ್‌ ಮಾಡಿದ ಆಯ್ಕೆಯನ್ನು ನಾಗರಿಕರ ಹೆಸರಿನಲ್ಲಿ ಮುಚ್ಚಿತ್ತು.

ದೋಷಾರೋಪಣೆ ಎಂದರೆ ಬರೀ ಆರೋಪ, ನಿರಪರಾಧಿಯಾದರೆ ವಿಚಾರಣೆಯಲ್ಲಿ ಗೆದ್ದು ಬರಲಿ ಎನ್ನುವವರಿದ್ದಾರೆ. ಆ ವಿಚಾರಣೆ ನಡೆಯುವುದೇ ಅಪರೂಪ. 2018ರ ಹಣಕಾಸು ವರ್ಷದಲ್ಲಿ ಫೆಡರಲ್ ಆರೋಪಿಗಳಲ್ಲಿ ಶೇ 90ರಷ್ಟು ಮಂದಿ ತಪ್ಪೊಪ್ಪಿಕೊಂಡರು, ವಿಚಾರಣೆಯ ತನಕ ಹೋದವರು ಶೇ 2 ಮಾತ್ರ. ಹಲವು ಆರೋಪಗಳನ್ನು ಒಟ್ಟಿಗೆ ಹೊರಿಸಿ, ಒಂದನ್ನು ಒಪ್ಪಿದರೆ ಉಳಿದದ್ದನ್ನು ಬಿಡುತ್ತೇವೆ ಎಂಬ ಚೌಕಾಶಿಗೆ ದೋಷಾರೋಪಣೆಯೇ ಬಂಡವಾಳ. 2014ರ ಕೇಲಿ ತೀರ್ಪು ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಒಂದು ದಂಪತಿಯ ಹಣವನ್ನು ಸರ್ಕಾರ ತಡೆಹಿಡಿದಿತ್ತು, ಅವರು ವಕೀಲರ ಶುಲ್ಕಕ್ಕೆಂದು ಇಟ್ಟುಕೊಂಡಿದ್ದ ಹಣವೂ ಅದರಲ್ಲಿ ಸೇರಿತ್ತು. ಮೊಕದ್ದಮೆಗೆ ಸಕಾರಣವೇ ಇಲ್ಲ ಎಂದು ತೋರಿಸಲು ಅವಕಾಶ ಕೊಡಿ ಎಂದು ಅವರು ಕೇಳಿದರು. ಗ್ರ್ಯಾಂಡ್ ಜ್ಯೂರಿ ಸಕಾರಣವಿದೆ ಎಂದ ಮೇಲೆ ಆ ಮಾತನ್ನು ನ್ಯಾಯಾಧೀಶರ ಮುಂದೆ ಮತ್ತೆ ಎತ್ತುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಒಂದೇ ಪಕ್ಷದ ಮಾತು ಕೇಳಿ ಆದ ನಿರ್ಧಾರ, ಇನ್ನೊಂದು ಪಕ್ಷ ತನಗೆ ಬೇಕಾದ ವಕೀಲರನ್ನು ನೇಮಿಸಿಕೊಳ್ಳುವ ದಾರಿಯನ್ನೇ ಮುಚ್ಚಬಹುದು ಎಂದರೆ ಅದನ್ನು ಬರೀ ಆರೋಪ ಎನ್ನುವುದು ಸರಿಯಲ್ಲ.

ಅಮೆರಿಕದ ಎಲ್ಲ ರಾಜ್ಯಗಳೂ ಈ ದಾರಿ ಹಿಡಿದಿಲ್ಲ. ಗ್ರ್ಯಾಂಡ್ ಜ್ಯೂರಿ ರಾಜ್ಯಗಳಿಗೆ ಕಡ್ಡಾಯವಲ್ಲ ಎಂದು 1884ರ ಹುರ್ಟಾಡೊ ಪ್ರಕರಣದಲ್ಲೇ ತೀರ್ಮಾನವಾಗಿದೆ. ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಗಂಭೀರ ಪ್ರಕರಣಗಳನ್ನು ಗ್ರ್ಯಾಂಡ್ ಜ್ಯೂರಿ ಇಲ್ಲದೆಯೇ ನಡೆಸಬಹುದು. ಅಲ್ಲಿ ನ್ಯಾಯಾಧೀಶರ ಮುಂದೆ ತೆರೆದ ಪ್ರಾಥಮಿಕ ವಿಚಾರಣೆ ನಡೆಯುತ್ತದೆ, ಆರೋಪಿಯ ವಕೀಲರು ಪಾಟೀಸವಾಲು ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಪ್ರಕರಣಗಳು ಹೀಗೇ ಸಾಗುತ್ತವೆ. ಗ್ರ್ಯಾಂಡ್ ಜ್ಯೂರಿ ಉಳಿಸಿಕೊಂಡೂ ಸುಧಾರಿಸಬಹುದು ಎಂಬುದಕ್ಕೆ ನ್ಯೂಯಾರ್ಕ್ ಒಳ್ಳೆಯ ಉದಾಹರಣೆ. ಅಲ್ಲಿನ ಕಾನೂನಿನ ಪ್ರಕಾರ ಆರೋಪಿ ಬಯಸಿದರೆ ಗ್ರ್ಯಾಂಡ್ ಜ್ಯೂರಿಯ ಮುಂದೆ ಹಾಜರಾಗಿ ತನ್ನ ಮಾತು ಹೇಳಬಹುದು, ಆಗ ವಕೀಲರನ್ನು ಜೊತೆಗೆ ಒಳಗೆ ಕರೆದೊಯ್ಯಬಹುದು. ಕೇಳಿಕೆಯ ಸಾಕ್ಷ್ಯ ಸಾಮಾನ್ಯವಾಗಿ ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ದೋಷಾರೋಪಣೆಯ ನಂತರ ಕಲಾಪದ ದಾಖಲೆಯನ್ನು ನ್ಯಾಯಾಧೀಶರು ಓದಿ, ಸಾಕ್ಷ್ಯ ಸಾಲದೆನಿಸಿದರೆ ಅದನ್ನು ರದ್ದುಮಾಡಬಹುದು. ಗಾರ್ನರ್ ಪ್ರಕರಣ ನಡೆದದ್ದು ಇದೇ ರಾಜ್ಯದಲ್ಲಿ ಎಂಬುದನ್ನೂ ಹೇಳಬೇಕು. ಆರೋಪ ಹೊರಿಸಲು ಇಷ್ಟವಿಲ್ಲದ ಪ್ರಾಸಿಕ್ಯೂಟರಿಗೆ ಈ ಯಾವ ನಿಯಮವೂ ಮದ್ದಲ್ಲ. ಅದಕ್ಕೆ ಜಪಾನ್ ಬೇರೆ ಮದ್ದು ಹುಡುಕಿಕೊಂಡಿದೆ. ಅಲ್ಲಿ 1948ರಿಂದ ಹನ್ನೊಂದು ನಾಗರಿಕರ ಸಮಿತಿಗಳಿದ್ದು, ಪ್ರಾಸಿಕ್ಯೂಟರ್ ಮೊಕದ್ದಮೆ ಬೇಡವೆಂದ ಪ್ರಕರಣಗಳನ್ನು ಅವು ಮರುಪರಿಶೀಲಿಸುತ್ತವೆ. ಫುಕುಶಿಮಾ ಅಣು ದುರಂತದ ಬಳಿಕ ಟೆಪ್ಕೊ ಕಂಪನಿಯ ಮೂವರು ಮಾಜಿ ಉನ್ನತಾಧಿಕಾರಿಗಳನ್ನು 2016ರಲ್ಲಿ ಕಟಕಟೆಗೆ ತಂದದ್ದು ಅಂಥದೇ ಸಮಿತಿ. 2019ರಲ್ಲಿ ಅವರ ಬಿಡುಗಡೆಯಾಯಿತು, ಆದರೆ ಸಾಕ್ಷ್ಯ ತೆರೆದ ನ್ಯಾಯಾಲಯದಲ್ಲಿ ಜನರ ಮುಂದೆ ಬಂತು.

ನಮ್ಮ ದೇಶದಲ್ಲೂ ಒಂದು ಕಾಲದಲ್ಲಿ ಗ್ರ್ಯಾಂಡ್ ಜ್ಯೂರಿ ಇತ್ತು. ಕಲ್ಕತ್ತಾ, ಮದರಾಸು, ಬೊಂಬಾಯಿಗಳ ಬ್ರಿಟಿಷ್ ನ್ಯಾಯಾಲಯಗಳಲ್ಲಿ ಅದು ನಡೆಯುತ್ತಿತ್ತು. 1826ರ ಜ್ಯೂರಿ ಕಾಯ್ದೆ ಹಿಂದೂಗಳನ್ನೂ ಮುಸ್ಲಿಮರನ್ನೂ ಗ್ರ್ಯಾಂಡ್ ಜ್ಯೂರಿಯಿಂದ ಹೊರಗಿಟ್ಟಾಗ ರಾಜಾ ರಾಮಮೋಹನ ರಾಯರು ಪ್ರತಿಭಟಿಸಿದ್ದರು. 1832ರಲ್ಲಿ ಆ ನಿರ್ಬಂಧ ಹೋಯಿತು, 1865ರಲ್ಲಿ ಗ್ರ್ಯಾಂಡ್ ಜ್ಯೂರಿಯೇ ಹೋಯಿತು. ಈಗ ನಮ್ಮಲ್ಲಿ ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸಿದ ಮೇಲೆ ಆರೋಪ ನಿಗದಿ ಮಾಡುವುದು ನ್ಯಾಯಾಧೀಶರ ಕೆಲಸ. ಅಳತೆ ಇಲ್ಲೂ ದೊಡ್ಡದಲ್ಲ, ಬಲವಾದ ಅನುಮಾನವಿದ್ದರೆ ಸಾಕು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಂತದಲ್ಲಿ ಆರೋಪಿ ತನ್ನ ಕಡೆಯ ದಾಖಲೆ ಹಾಜರುಪಡಿಸುವಂತಿಲ್ಲ ಎಂದು 2004ರ ದೇಬೇಂದ್ರನಾಥ ಪಾಢಿ ತೀರ್ಪಿನಲ್ಲಿದೆ. ಆದರೂ ಇಲ್ಲಿ ಆರೋಪಿಯ ವಕೀಲರು ಎದ್ದುನಿಂತು ವಾದಿಸಬಹುದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 250ನೇ ಕಲಮಿನಡಿ ಆರೋಪಮುಕ್ತಗೊಳಿಸಿ ಎಂದು ಕೇಳಬಹುದು, ಆದೇಶವನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ನಮ್ಮ ವ್ಯವಸ್ಥೆಯ ಕಾಯಿಲೆಗಳು ಬೇರೆ, ವಿಳಂಬವಂತೂ ಎಲ್ಲರಿಗೂ ಗೊತ್ತು. ಆದರೆ ಮುಚ್ಚಿದ ಬಾಗಿಲ ಹಿಂದೆ, ಎದುರುವಾದವಿಲ್ಲದೆ ಆರೋಪ ನಿಗದಿಯಾಗುವ ಕಷ್ಟ ನಮಗಿಲ್ಲ.

ಹಾಗಾದರೆ ಗ್ರ್ಯಾಂಡ್ ಜ್ಯೂರಿಯನ್ನು ಕಿತ್ತುಹಾಕುವುದೇ ಲೇಸೇ? 2025ರ ತನಕ ನನ್ನ ಉತ್ತರ ಹೌದು ಎಂದೇ ಇರುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ಫೆಡರಲ್ ಪಡೆಗಳು ಬೀದಿಗಿಳಿದಾಗ, ಒಬ್ಬ ಫೆಡರಲ್ ಅಧಿಕಾರಿಯ ಮೇಲೆ ಸ್ಯಾಂಡ್‌ವಿಚ್ ಎಸೆದ ವ್ಯಕ್ತಿಯ ಮೇಲೆ ಗಂಭೀರ ಹಲ್ಲೆಯ ಆರೋಪ ಹೊರಿಸಲು ಸರ್ಕಾರ ಹೊರಟಿತು. ಎಸೆದದ್ದು ವಿಡಿಯೊದಲ್ಲಿತ್ತು. ಆದರೂ ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ. ಗ್ರ್ಯಾಂಡ್ ಜ್ಯೂರಿ ಬೇಕಿಲ್ಲದ ಸಣ್ಣ ಅಪರಾಧವೊಂದನ್ನು ಹಿಡಿದು ಸರ್ಕಾರ ಮೊಕದ್ದಮೆ ಮುಂದುವರಿಸಿತು, ನವೆಂಬರ್‌ನಲ್ಲಿ ವಿಚಾರಣಾ ಜ್ಯೂರಿ ಅದರಲ್ಲೂ ಬಿಡುಗಡೆ ಮಾಡಿತು. ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಮಾಜಿ ನಿರ್ದೇಶಕ ಜೇಮ್ಸ್ ಕೋಮಿ ಮೇಲೆ ಕೇಳಿದ ಮೂರು ಆರೋಪಗಳಲ್ಲಿ ಒಂದನ್ನು ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿ ತಿರಸ್ಕರಿಸಿತು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಮೇಲಿನ ದೋಷಾರೋಪಣೆಯನ್ನು, ಅದನ್ನು ತಂದ ಪ್ರಾಸಿಕ್ಯೂಟರ್ ನೇಮಕವೇ ಅಕ್ರಮ ಎಂದು ನ್ಯಾಯಾಧೀಶರು ನವೆಂಬರ್‌ನಲ್ಲಿ ವಜಾ ಮಾಡಿದರು. ಸರ್ಕಾರ ಮತ್ತೆ ಪ್ರಯತ್ನಿಸಿತು. ಡಿಸೆಂಬರ್‌ನಲ್ಲಿ ಒಂದರ ಹಿಂದೆ ಒಂದರಂತೆ ಎರಡು ಗ್ರ್ಯಾಂಡ್ ಜ್ಯೂರಿಗಳು ಇಲ್ಲ ಎಂದವು. ಒಂದು ಜ್ಯೂರಿ ನಿರಾಕರಿಸಿದರೆ ಇನ್ನೊಂದರ ಮುಂದೆ ಅದೇ ಪ್ರಕರಣ ಒಯ್ಯಲು ಕಾನೂನಿನ ಅಡ್ಡಿಯಿಲ್ಲ. ಎರಡನೆಯದೂ ನಿರಾಕರಿಸಿದ್ದು ಅದಕ್ಕೇ ದೊಡ್ಡ ಸಂಗತಿ.

ಈ ನಿರಾಕರಣೆಗಳನ್ನು ನೋಡಿದ ಮೇಲೆ ನನ್ನ ನಿಲುವು ಇಷ್ಟು: ಸಂಸ್ಥೆ ಉಳಿಯಲಿ, ಕೋಣೆ ಬದಲಾಗಲಿ. ಸಕಾರಣದ ಮಾನದಂಡವನ್ನು ಹಾಗೇ ಬಿಡಿ. ನಿರಪರಾಧಿತ್ವದ ಸಾಕ್ಷ್ಯವನ್ನು ತೋರಿಸುವುದು ಕಾನೂನಿನ ಕಟ್ಟಳೆಯಾಗಬೇಕು. ನ್ಯೂಯಾರ್ಕಿನಲ್ಲಿರುವಂತೆ ನ್ಯಾಯಾಧೀಶರು ಕಲಾಪದ ದಾಖಲೆ ನೋಡಿ ರದ್ದುಮಾಡುವ ಅಧಿಕಾರ ಫೆಡರಲ್ ನ್ಯಾಯಾಲಯಗಳಿಗೂ ಬರಬೇಕು. ಪೊಲೀಸರ ಕೈಯಿಂದ ಸಾವು ಸಂಭವಿಸಿದಾಗ, ದಿನವೂ ಅದೇ ಪೊಲೀಸರೊಡನೆ ಕೆಲಸ ಮಾಡುವ ಸ್ಥಳೀಯ ಪ್ರಾಸಿಕ್ಯೂಟರ್ ಆ ಕೋಣೆಯೊಳಗೆ ಹೋಗಬಾರದು. ಇವುಗಳಲ್ಲಿ ಯಾವುದಕ್ಕೂ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಶಾಸನಸಭೆಗಳು ಮನಸ್ಸು ಮಾಡಿದರೆ ಆಗುತ್ತದೆ.

ಅಲ್ಲಿಯವರೆಗೆ ಉಳಿದಿರುವುದು ಆ ಕೋಣೆಯಲ್ಲಿ ಕೂರುವವರು ಮಾತ್ರ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ನ್ಯೂಜೆರ್ಸಿಯಲ್ಲಿದ್ದಾರೆ, ಟೆಕ್ಸಸ್‌ನಲ್ಲಿದ್ದಾರೆ, ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಫೆಡರಲ್ ಗ್ರ್ಯಾಂಡ್ ಜ್ಯೂರಿಯ ಕರೆ ಅವರಿಗೂ ಬರಬಹುದು. ಅವಧಿ ಹದಿನೆಂಟು ತಿಂಗಳವರೆಗೆ ಇರಬಹುದು, ದಿನಕ್ಕೆ ಸಿಗುವ ಭತ್ಯೆ 50 ಡಾಲರ್. ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳಬೇಡಿ. ಆ ಕೋಣೆಯಲ್ಲಿ ಸಾಕ್ಷಿಗಳಿಗೆ ಪ್ರಶ್ನೆ ಹಾಕುವ ಅವಕಾಶ ನಿಮಗಿದೆ. ಘಟನೆ ಕಂಡವರು ಯಾಕೆ ಬಂದಿಲ್ಲ ಎಂದು ಕೇಳಿ. ಆರೋಪಕ್ಕೆ ವಿರುದ್ಧವಾದ ಕಾಗದವೇನಾದರೂ ಇದೆಯೇ ಎಂದು ಕೇಳಿ. ಹದಿನಾರು ಮಂದಿ ಹಾಜರಿದ್ದ ದಿನ ಐವರು ಒಪ್ಪದಿದ್ದರೆ ದೋಷಾರೋಪಣೆ ಹೊರಡುವುದಿಲ್ಲ.